ದೇವರ ಬಗ್ಗೆ ಕವಿ ಆಡಿದ ಮಾತು: ನಿಜವೇ, ಸುಳ್ಳೇ, ಎರಡೂ ಅಲ್ಲವೇ?

ಪ್ರಶ್ನೆ: ಪ್ಲೇಟೋ ತನ್ನ ಆದರ್ಶ ನಗರದಿಂದ ಕವಿಗಳನ್ನು ಹೊರಗೆ ಹಾಕಿದ ಎಂದು ಕಾಲೇಜಿನಲ್ಲಿ ಓದಿದ್ದೆ. ಕವಿಯ ಬಾಯಲ್ಲಿ ದೇವರೇ ಮಾತಾಡುತ್ತಾನೆ ಎಂದೂ ಅವನೇ ಹೇಳಿದ್ದಾನಂತೆ. ಎರಡೂ ಹೇಗೆ ಸರಿ? ಇನ್ನೊಂದು ವಿಷಯ. ‘ದೇವರ ಬಗ್ಗೆ ಆಡುವ ಮಾತನ್ನು ನಿಜ, ಸುಳ್ಳು ಎಂದು ಅಳೆಯಬಾರದು, ಅದು ಕಾವ್ಯದ ಹಾಗೆ’ ಎನ್ನುವ ವಾದ ಈಗ ಆಗಾಗ ಕೇಳಿಬರುತ್ತದೆ. ಇದಕ್ಕೂ ಹಳೆಯ ಗ್ರೀಕರ ಕಾವ್ಯಚರ್ಚೆಗೂ ಏನಾದರೂ ನಂಟು ಇದೆಯಾ?

ಉತ್ತರ: ನಂಟು ಇದೆ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ‘ಕಾವ್ಯದ ಹಾಗೆ’ ಎನ್ನುವವರನ್ನು ನಾನು ಮೊದಲು ಕೇಳುವುದು ಇಷ್ಟು: ಯಾರು ಹೇಳಿದ ಕಾವ್ಯದ ಹಾಗೆ? ಕಾವ್ಯ ಎಂದರೆ ಸೊಗಸಾದ ಸುಳ್ಳು ಅಂದವರೂ ಗ್ರೀಕರೇ. ಕವಿಯ ಮೂಲಕ ದೇವತೆ ಮಾತಾಡುತ್ತಾಳೆ ಅಂದವರೂ ಅವರೇ. ಕಾವ್ಯದ ಸರಿ ತಪ್ಪುಗಳ ಲೆಕ್ಕವೇ ಬೇರೆ ಅಂದವರೂ ಅವರೇ. ಇವುಗಳಲ್ಲಿ ಯಾವುದನ್ನು ಹಿಡಿಯುತ್ತೀರೋ ಅದರ ಮೇಲೆ ದೇವರ ಮಾತಿನ ಲೆಕ್ಕವೂ ಬದಲಾಗುತ್ತದೆ.

ಗ್ರೀಕರಿಗೆ ಈ ಎರಡು ಚರ್ಚೆಗಳು ಬೇರೆ ಬೇರೆ ಆಗಿರಲಿಲ್ಲ. ಕಾರಣ ಸರಳ. ಅವರಿಗೆ ಬೈಬಲ್‌ನಂಥ ಒಂದು ಧರ್ಮಗ್ರಂಥ ಇರಲಿಲ್ಲ. ಪೂಜಾರಿಗಳು ಇದ್ದರು, ಬಲಿ ಕೊಡಿಸುತ್ತಿದ್ದರು, ಹಬ್ಬ ನಡೆಸುತ್ತಿದ್ದರು. ದೇವರು ಎಂಥವನು ಎಂದು ಪಾಠ ಹೇಳುವುದು ಅವರ ಕೆಲಸವಾಗಿರಲಿಲ್ಲ. ಆ ಕೆಲಸ ಕವಿಗಳದ್ದಾಗಿತ್ತು. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೊಟಸ್ ಇದನ್ನು ನೇರವಾಗಿ ಬರೆದಿದ್ದಾನೆ. ಗ್ರೀಕರಿಗೆ ದೇವರುಗಳ ವಂಶಾವಳಿ ಕಟ್ಟಿಕೊಟ್ಟವರು, ಅವರಿಗೆ ಬಿರುದು, ಕೆಲಸ, ರೂಪ ಹಂಚಿಕೊಟ್ಟವರು ಹೋಮರ್ ಮತ್ತು ಹೆಸಿಯೋಡ್. ಅವರು ತನಗಿಂತ 400 ವರ್ಷಕ್ಕಿಂತ ಹಿಂದಿನವರೇನಲ್ಲ ಎನ್ನುತ್ತಾನೆ. ಹೀಗಿರುವಾಗ ಕಾವ್ಯ ನಂಬಬಹುದಾ ಎಂದು ಕೇಳಿದರೆ ಧರ್ಮವನ್ನು ನಂಬಬಹುದಾ ಎಂದೇ ಕೇಳಿದ ಹಾಗಾಯಿತು.

ಮಜಾ ಏನೆಂದರೆ ಈ ಅನುಮಾನವನ್ನು ಮೊದಲು ಎತ್ತಿದ್ದೇ ಒಬ್ಬ ಕವಿ. ಹೆಸಿಯೋಡ್ ತನ್ನ ‘ಥಿಯೋಗನಿ’ಯ ಶುರುವಿನಲ್ಲೇ ಒಂದು ಪ್ರಸಂಗ ಹೇಳುತ್ತಾನೆ. ಹೆಲಿಕಾನ್ ಬೆಟ್ಟದ ಬುಡದಲ್ಲಿ ಕುರಿ ಕಾಯುತ್ತಿದ್ದಾಗ ಕಾವ್ಯದೇವತೆಗಳಾದ ಮ್ಯೂಸ್‌ಗಳು ಎದುರಾದರಂತೆ. ಕುರುಬರನ್ನು ‘ಬರೀ ಹೊಟ್ಟೆಗಳು’ ಎಂದು ಬೈದು, ಆಮೇಲೆ ಹೇಳಿದರಂತೆ: ನಿಜದ ಹಾಗೆ ಕಾಣುವ ಎಷ್ಟೋ ಸುಳ್ಳುಗಳನ್ನು ಹೇಳುವುದೂ ನಮಗೆ ಗೊತ್ತು, ಮನಸ್ಸು ಬಂದಾಗ ನಿಜ ಹೇಳುವುದೂ ಗೊತ್ತು. ಸರಿ, ಈಗ ಹೇಳುತ್ತಿರುವುದು ಯಾವುದು? ಅದನ್ನು ಅವರು ಹೇಳುವುದಿಲ್ಲ. ಅದರ ಬೆನ್ನಿಗೇ ಅವನ ಕೈಗೆ ಲಾರೆಲ್ ಮರದ ಕೋಲು ಕೊಟ್ಟು ದೇವರುಗಳ ಕುಲವನ್ನು ಹಾಡು ಎನ್ನುತ್ತಾರೆ.

ಆಮೇಲೆ ಬಂದವನು ಜೆನೋಫನೀಸ್, ಕೊಲೊಫಾನ್ ಊರಿನವನು, ಕ್ರಿ.ಪೂ. 6ನೇ ಶತಮಾನದಲ್ಲಿ ಹುಟ್ಟಿದವನು. ಕದಿಯುವುದು, ಹಾದರ, ಒಬ್ಬರಿಗೊಬ್ಬರು ಮೋಸ ಮಾಡುವುದು, ಮನುಷ್ಯರಲ್ಲಿ ಯಾವುದಕ್ಕೆ ಛೀ ಅನ್ನುತ್ತೇವೋ ಅದನ್ನೆಲ್ಲ ಹೋಮರ್ ಮತ್ತು ಹೆಸಿಯೋಡ್ ದೇವರ ತಲೆಗೆ ಕಟ್ಟಿದರು ಎಂಬುದು ಅವನ ಸಿಟ್ಟು. ಇಥಿಯೋಪಿಯಾದವರ ದೇವರು ಕಪ್ಪು, ಮೂಗು ಚಪ್ಪಟೆ. ಥ್ರೇಸ್‌ನವರ ದೇವರಿಗೆ ನೀಲಿ ಕಣ್ಣು, ಕೆಂಪು ಕೂದಲು. ಎತ್ತು, ಕುದುರೆ, ಸಿಂಹಗಳಿಗೆ ಕೈ ಇದ್ದು ಚಿತ್ರ ಬರೆಯಲು ಬಂದಿದ್ದರೆ ಎತ್ತಿನ ದೇವರು ಎತ್ತಿನಂತೆಯೇ ಇರುತ್ತಿತ್ತು. ಇಷ್ಟು ಮಾತ್ರ ಎಲ್ಲರೂ ಉದಾಹರಿಸುತ್ತಾರೆ. ಅವನ ಇನ್ನೊಂದು ತುಣುಕನ್ನು ಬಿಟ್ಟುಬಿಡುತ್ತಾರೆ. ದೇವರುಗಳ ಬಗ್ಗೆ ಖಚಿತವಾದ ಸತ್ಯ ಯಾವ ಮನುಷ್ಯನಿಗೂ ಗೊತ್ತಿಲ್ಲ, ಅಕಸ್ಮಾತ್ ಯಾರಾದರೂ ಪೂರ್ತಿ ಸರಿಯಾದದ್ದನ್ನೇ ಹೇಳಿಬಿಟ್ಟರೂ ಹೇಳಿದ್ದು ಸರಿ ಎಂದು ಅವನಿಗೇ ಗೊತ್ತಾಗುವುದಿಲ್ಲ ಎನ್ನುತ್ತಾನೆ. ಇಲ್ಲಿ ದೂರು ಹೋಮರನ ಮೇಲೆ ಮಾತ್ರ ಅಲ್ಲ, ದೇವರ ಬಗ್ಗೆ ಬಾಯಿ ಬಿಡುವ ಎಲ್ಲರ ಮೇಲೂ. ಅಂದ ಹಾಗೆ, ಇದನ್ನೆಲ್ಲ ಅವನು ಹೇಳಿದ್ದು ಪದ್ಯದಲ್ಲೇ.

ಈಗ ಪ್ಲೇಟೋ. ನೀವು ಕೇಳಿದ ಗೊಂದಲ ಬಿಡಿಸಿಕೊಳ್ಳಬೇಕಾದರೆ ಆ ಆದರ್ಶ ನಗರದ ಚರ್ಚೆ ಇರುವ ‘ರಿಪಬ್ಲಿಕ್’ಗಿಂತ ಮೊದಲು ‘ಯೂಥಿಫ್ರೋ’ ಎಂಬ ಸಣ್ಣ ಸಂವಾದ ನೋಡಬೇಕು. ಕಾಲ ಕ್ರಿ.ಪೂ. 399, ಪ್ಲೇಟೋನ ಗುರು ಸಾಕ್ರೆಟಿಸ್‌ನ ವಿಚಾರಣೆಗೆ ಸ್ವಲ್ಪ ಮುಂಚೆ. ಕೋರ್ಟಿನ ಹತ್ತಿರ ಸಾಕ್ರೆಟಿಸ್‌ಗೆ ಯೂಥಿಫ್ರೋ ಎಂಬುವನು ಸಿಗುತ್ತಾನೆ. ಅವನು ಬಂದಿರುವುದು ತನ್ನ ಅಪ್ಪನ ಮೇಲೇ ಕೊಲೆ ಕೇಸು ಹಾಕಲು. ನ್ಯಾಕ್ಸಾಸ್ ದ್ವೀಪದ ಅವರ ಜಮೀನಿನಲ್ಲಿ ಒಬ್ಬ ಕೂಲಿಯವನು ಕುಡಿದು ಒಬ್ಬ ಗುಲಾಮನನ್ನು ಕೊಂದಿದ್ದ. ಅಪ್ಪ ಆ ಕೂಲಿಯವನ ಕೈಕಾಲು ಕಟ್ಟಿ ಹಳ್ಳಕ್ಕೆ ತಳ್ಳಿ, ಏನು ಮಾಡಬೇಕೆಂದು ಕೇಳಿ ಬರಲು ಅಥೆನ್ಸಿಗೆ ಜನ ಕಳಿಸಿದ. ಉತ್ತರ ಬರುವುದರೊಳಗೆ ಕೂಲಿಯವನು ಹಸಿವು, ಚಳಿಯಿಂದ ಸತ್ತ. ಮನೆಯವರೆಲ್ಲ ಯೂಥಿಫ್ರೋಗೆ ಉಗಿಯುತ್ತಿದ್ದಾರೆ. ಅವನ ಸಮರ್ಥನೆ ಏನು ಗೊತ್ತಾ? ದೇವರುಗಳ ರಾಜ ಸ್ಯೂಸ್ ತನ್ನ ಅಪ್ಪ ಕ್ರೋನಸ್‌ನನ್ನು ಕಟ್ಟಿಹಾಕಲಿಲ್ಲವೇ? ದೇವರು ಮಾಡಿದರೆ ಸರಿ, ನಾನು ಮಾಡಿದರೆ ತಪ್ಪಾ? ಆಗ ಸಾಕ್ರೆಟಿಸ್ ಕೇಳುತ್ತಾನೆ: ಇದೆಲ್ಲ ನಿಜವಾಗಿ ನಡೆದದ್ದು ಎಂದು ನೀನು ನಂಬುತ್ತೀಯಾ? ಹೌದು, ಇದಕ್ಕಿಂತ ಆಶ್ಚರ್ಯದ್ದೂ ನನಗೆ ಗೊತ್ತು ಎನ್ನುತ್ತಾನೆ ಅವನು.

‘ಅದು ಸುಮ್ನೆ ಕಾವ್ಯ ಬಿಡಿ’ ಎನ್ನುವವರಿಗೆ ನಾನು ಯಾವಾಗಲೂ ಈ ಯೂಥಿಫ್ರೋನನ್ನು ತೋರಿಸುತ್ತೇನೆ. ಕಾವ್ಯದ ಒಂದು ಸಾಲು ಹಿಡಿದುಕೊಂಡು ಅವನು ಕೋರ್ಟಿಗೆ ಹೋಗಿದ್ದಾನೆ.

‘ರಿಪಬ್ಲಿಕ್’ನ ಎರಡನೇ ಪುಸ್ತಕದ ಕೊನೆಯನ್ನು ಇದರ ಜೊತೆ ಓದಿದರೆ ಪ್ಲೇಟೋನ ಆತಂಕ ಅರ್ಥವಾಗುತ್ತದೆ. ದೇವರ ಬಗ್ಗೆ ಮಾತಾಡಲು ನಿಯಮ ಏನಿರಬೇಕು ಎಂದು ಅಡೈಮಾಂಟಸ್ ಕೇಳುತ್ತಾನೆ. ಸಾಕ್ರೆಟಿಸ್ ಎರಡು ನಿಯಮ ಕೊಡುತ್ತಾನೆ. ದೇವರು ಒಳ್ಳೆಯದಕ್ಕೆ ಮಾತ್ರ ಕಾರಣ, ಕೆಟ್ಟದ್ದಕ್ಕಲ್ಲ. ದೇವರು ವೇಷ ಬದಲಿಸುವುದಿಲ್ಲ, ಮೋಸ ಮಾಡುವುದಿಲ್ಲ. ಈ ಅಳತೆಗೋಲು ಹಿಡಿದರೆ ಹೋಮರನಲ್ಲಿ ಎಷ್ಟೋ ಹೋಗುತ್ತದೆ. ಸ್ಯೂಸ್‌ನ ಹೊಸ್ತಿಲಲ್ಲಿ ಎರಡು ಹಂಡೆ ಇವೆ, ಒಂದರಲ್ಲಿ ಒಳ್ಳೆಯದು, ಒಂದರಲ್ಲಿ ಕೆಟ್ಟದ್ದು, ಅವನು ಕಲಸಿ ಕೊಡುತ್ತಾನೆ ಎಂಬ ‘ಇಲಿಯಡ್’ನ ಸಾಲು ಹೋಗುತ್ತದೆ. ಗ್ರೀಕ್ ಸೈನ್ಯದ ನಾಯಕ ಅಗಮೆಮ್ನಾನ್‌ಗೆ ಸ್ಯೂಸ್ ಕಳಿಸಿದ ಸುಳ್ಳು ಕನಸೂ ಹೋಗುತ್ತದೆ. ರಾತ್ರಿ ಹೊತ್ತು ದೇವರುಗಳು ವೇಷ ಮರೆಸಿಕೊಂಡು ತಿರುಗುತ್ತವೆ ಎಂದು ಮಕ್ಕಳನ್ನು ಹೆದರಿಸುವ ಅಮ್ಮಂದಿರನ್ನೂ ಅವನು ಬಿಡುವುದಿಲ್ಲ. ಆ ಕಥೆಗಳಿಗೆ ಒಳಗೆ ಬೇರೆ ಅರ್ಥ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದಕ್ಕೂ ಅವನ ಉತ್ತರ ಸಿದ್ಧವಾಗಿದೆ: ಒಳ ಅರ್ಥ ಇದ್ದರೂ ಇರಬಹುದು, ಮಗುವಿಗೆ ಅದು ಗೊತ್ತಾಗುವುದಿಲ್ಲ, ಚಿಕ್ಕಂದಿನಲ್ಲಿ ಕೇಳಿದ್ದು ಅಳಿಸಿದರೂ ಹೋಗುವುದಿಲ್ಲ.

‘ಒಳ ಅರ್ಥ’ದ ಗುಂಪಿನ ಬಗ್ಗೆ ಎರಡು ಮಾತು ಸಾಕು. ರೇಜಿಯಂ ಊರಿನ ಥಿಯಾಜೆನೀಸ್ ಕ್ರಿ.ಪೂ. 6ನೇ ಶತಮಾನದಲ್ಲೇ ಹೋಮರನ ದೇವರುಗಳ ಜಗಳವನ್ನು ಬೆಂಕಿ, ನೀರು, ಗಾಳಿಗಳ ಜಗಳ ಎಂದು ಬಿಡಿಸಿದನಂತೆ. 1962ರಲ್ಲಿ ಥೆಸಲೊನೀಕಿ ಹತ್ತಿರದ ಡೆರ್ವೆನಿಯಲ್ಲಿ, ಚಿತೆಯ ಬೂದಿಯಲ್ಲಿ ಅರೆ ಸುಟ್ಟ ಒಂದು ಪಪೈರಸ್ ಸುರುಳಿ ಸಿಕ್ಕಿತು. ಅದರಲ್ಲೂ ಇದೇ ಕೆಲಸ: ಪುರಾಣದ ಗಾಯಕ ಓರ್ಫಿಯಸ್‌ನ ಹೆಸರಿನ ಒಂದು ಪದ್ಯದ ಮುಜುಗರದ ಸಾಲುಗಳೆಲ್ಲ ಒಗಟು ಎಂದು ಸೃಷ್ಟಿಯ ವಿಚಾರಕ್ಕೆ ತಿರುಗಿಸುವುದು. ನನಗೆ ಈ ದಾರಿ ಅಷ್ಟೇನೂ ಇಷ್ಟವಿಲ್ಲ. ಪದ್ಯ ಏನು ಹೇಳಿದರೂ ವ್ಯಾಖ್ಯಾನಕಾರ ಮೊದಲೇ ನಂಬಿದ್ದೇ ಅದರಿಂದ ಹೊರಗೆ ಬರುತ್ತದೆ.

ಇನ್ನು ‘ದೇವರ ಆವೇಶ’. ಇದು ‘ಅಯಾನ್’ ಎಂಬ ಸಂವಾದದಲ್ಲಿದೆ. ಅಯಾನ್ ಕವಿಯಲ್ಲ, ಹೋಮರನ ಕಾವ್ಯವನ್ನು ಸಭೆಯಲ್ಲಿ ವಾಚನ ಮಾಡುವ ವೃತ್ತಿಯವನು. ಎಪಿಡಾರಸ್‌ನ ಹಬ್ಬದಲ್ಲಿ ಮೊದಲ ಬಹುಮಾನ ಗೆದ್ದು ಬಂದಿದ್ದಾನೆ. ಸಾಕ್ರೆಟಿಸ್ ಅವನಿಗೆ ಅಯಸ್ಕಾಂತದ ಕಥೆ ಹೇಳುತ್ತಾನೆ. ಅಯಸ್ಕಾಂತ ಒಂದು ಕಬ್ಬಿಣದ ಉಂಗುರ ಎಳೆಯುತ್ತದೆ, ಅದು ಇನ್ನೊಂದನ್ನು, ಅದು ಮತ್ತೊಂದನ್ನು. ಮ್ಯೂಸ್ ಅಯಸ್ಕಾಂತ, ಕವಿ ಮೊದಲ ಉಂಗುರ, ವಾಚಕ ಎರಡನೆಯದು, ಕೇಳುಗ ಕೊನೆಯದು. ಕವಿ ಹಗುರವಾದ, ರೆಕ್ಕೆಯಿರುವ, ಪವಿತ್ರ ಜೀವಿ; ತನ್ನ ಬುದ್ಧಿ ತನ್ನ ಹತ್ತಿರ ಇರುವವರೆಗೆ ಅವನಿಗೆ ಕಾವ್ಯ ಬರುವುದಿಲ್ಲ.

ಕೇಳಲು ದೊಡ್ಡ ಹೊಗಳಿಕೆ. ಆದರೆ ಮುಂದೆ ಓದಿ. ದುಃಖದ ಪ್ರಸಂಗ ಬಂದರೆ ನನ್ನ ಕಣ್ಣಲ್ಲಿ ನೀರು, ಭಯದ ಪ್ರಸಂಗ ಬಂದರೆ ಕೂದಲು ನಿಮಿರುತ್ತದೆ ಎನ್ನುತ್ತಾನೆ ಅಯಾನ್. ಹಾಗಾದರೆ ಜನರಿಗೂ ಹೀಗೇ ಆಗುತ್ತದೆ ಎಂದು ಗೊತ್ತಾ ಎಂದರೆ, ಗೊತ್ತಿಲ್ಲದೆ ಏನು, ವೇದಿಕೆಯ ಮೇಲಿಂದ ನೋಡುತ್ತಲೇ ಇರುತ್ತೇನೆ. ಅವರು ಅತ್ತರೆ ದುಡ್ಡು ಸಿಕ್ಕಿ ನಾನು ನಗುತ್ತೇನೆ, ಅವರು ನಕ್ಕರೆ ದುಡ್ಡು ಹೋಗಿ ನಾನು ಅಳುತ್ತೇನೆ! ಮೈಮೇಲೆ ದೇವರು ಬಂದವನು ಕಲೆಕ್ಷನ್ ಲೆಕ್ಕ ಹಾಕುತ್ತಿದ್ದಾನೆ. ಪ್ಲೇಟೋ ಇದನ್ನು ಬೇಕೆಂದೇ ಇಟ್ಟಿದ್ದಾನೆ. ಕೊನೆಯಲ್ಲಿ ಸಾಕ್ರೆಟಿಸ್ ಆಯ್ಕೆ ಕೊಡುತ್ತಾನೆ: ವಿದ್ಯೆ ಇದೆ ಎಂದು ಹೇಳಿ ತೋರಿಸದ ಮೋಸಗಾರ ಅನ್ನಿಸಿಕೊಳ್ಳುತ್ತೀಯೋ, ದೇವರ ಆವೇಶದವನು ಅನ್ನಿಸಿಕೊಳ್ಳುತ್ತೀಯೋ? ಅಯಾನ್ ಖುಷಿಯಿಂದ ಎರಡನೆಯದನ್ನು ಆರಿಸಿಕೊಳ್ಳುತ್ತಾನೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು. ಎರಡು ಮಾತೂ ಒಂದೇ ವಾದದ ಎರಡು ಬದಿ. ಆವೇಶದ ಹೊಗಳಿಕೆ ಕವಿಯಿಂದ ಅರಿವನ್ನು ಕಿತ್ತುಕೊಳ್ಳುತ್ತದೆ: ಮಾತು ಬಂದಿದ್ದು ದೇವರಿಂದ, ಹಾಗಾಗಿ ಅದರ ಅರ್ಥ ಹೇಳುವ ಅಧಿಕಾರ ಕವಿಗೆ ಇಲ್ಲ. ಅರ್ಥ ಹೇಳುವವರು ಯಾರು ಹಾಗಾದರೆ? ಪ್ಲೇಟೋ ಕೇಳಿದರೆ ತತ್ವಜ್ಞಾನಿ ಎನ್ನುತ್ತಾನೆ, ಇನ್ನೇನು ಹೇಳುತ್ತಾನೆ. ‘ಫೀಡ್ರಸ್’ ಎಂಬ ಇನ್ನೊಂದು ಸಂವಾದದಲ್ಲಿ ದೈವೀ ಹುಚ್ಚಿನ ಬಗ್ಗೆ ಮಾತಾಡುವಾಗ ಈ ವ್ಯಂಗ್ಯ ಕಡಿಮೆ, ಅದನ್ನು ಒಪ್ಪುತ್ತೇನೆ. ಮತ್ತೆ, ‘ಕವಿಗಳನ್ನು ಓಡಿಸಿದ’ ಎನ್ನುವುದೂ ಅರ್ಧ ಸತ್ಯ. ‘ರಿಪಬ್ಲಿಕ್’ನ ಹತ್ತನೇ ಪುಸ್ತಕದಲ್ಲಿ ದೇವರ ಸ್ತುತಿಗಳಿಗೂ ಒಳ್ಳೆಯವರ ಹೊಗಳಿಕೆಗೂ ಜಾಗ ಇದೆ. ಕಾವ್ಯದ ಪರ ಯಾರಾದರೂ ಗದ್ಯದಲ್ಲಾದರೂ ವಾದ ಮಾಡಲಿ, ಒಪ್ಪಿಗೆಯಾದರೆ ವಾಪಸ್ ಕರೆಯೋಣ ಎಂದೂ ಇದೆ.

ಆ ವಾದ ಮಾಡಿದವನು ಅವನ ಶಿಷ್ಯ ಅರಿಸ್ಟಾಟಲ್. ಕಾವ್ಯದ ಮೇಲಿನ ಅವನ ಪುಸ್ತಕ ‘ಪೊಯೆಟಿಕ್ಸ್’ ಎಂದ ಕೂಡಲೇ ಎಲ್ಲರೂ ದುರಂತ ನಾಟಕ, ಕೆಥಾರ್ಸಿಸ್ (ಭಾವಶುದ್ಧಿ) ಎನ್ನುತ್ತಾರೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಅಲ್ಲಿಲ್ಲ, ಯಾರೂ ಗಮನಿಸದ ಮೂಲೆಗಳಲ್ಲಿದೆ. 25ನೇ ಅಧ್ಯಾಯದಲ್ಲಿ, ಕವಿಯ ಮೇಲೆ ಬರುವ ದೂರುಗಳಿಗೆ ಉತ್ತರ ಕೊಡುವುದು ಹೇಗೆ ಎಂದು ಹೇಳುತ್ತಾನೆ. ಕಾವ್ಯದ ಸರಿ ಬೇರೆ, ರಾಜಕೀಯದ ಸರಿ ಬೇರೆ. ಹೆಣ್ಣು ಜಿಂಕೆಗೆ ಕೊಂಬಿಲ್ಲ ಎಂದು ಗೊತ್ತಿಲ್ಲದೆ ಕೊಂಬು ಬರೆದರೆ ಅದು ಸಣ್ಣ ತಪ್ಪು. ಜಿಂಕೆ ಎಂದೇ ಗೊತ್ತಾಗದ ಹಾಗೆ ಬರೆದರೆ ಅದು ದೊಡ್ಡ ತಪ್ಪು. ‘ಇದು ನಿಜ ಅಲ್ಲ’ ಎಂದು ಯಾರಾದರೂ ಅಂದರೆ, ‘ಇರಬೇಕಾದ ಹಾಗೆ ಹೇಳಿದ್ದೇನೆ’ ಎನ್ನಬಹುದು. ಅದೂ ನಡೆಯದಿದ್ದರೆ ‘ಜನ ಹಾಗೆ ಹೇಳುತ್ತಾರೆ’ ಎನ್ನಬಹುದು. ಇದಕ್ಕೆ ಅವನು ಕೊಡುವ ಉದಾಹರಣೆ ದೇವರ ಕಥೆಗಳು! ಅವು ಹಾಗಿರುವುದು ಒಳ್ಳೆಯದೂ ಅಲ್ಲದಿರಬಹುದು, ನಿಜವೂ ಅಲ್ಲದಿರಬಹುದು, ಜೆನೋಫನೀಸ್ ಹೇಳಿದ್ದೇ ಸರಿ ಇರಬಹುದು. ಆದರೆ ಜನ ಹೇಳುವುದು ಹೀಗೆ. ಒಂದೇ ವಾಕ್ಯದಲ್ಲಿ ಜೆನೋಫನೀಸ್‌ಗೆ ತಲೆಯಾಡಿಸಿ, ಹೋಮರನನ್ನೂ ಬಿಡಿಸಿಕೊಂಡ.

ಇನ್ನೊಂದು ಮೂಲೆ 19ನೇ ಅಧ್ಯಾಯ. ಪ್ರೊಟಾಗೊರಸ್ ಎಂಬ ಚಿಂತಕ ‘ಇಲಿಯಡ್’ನ ಮೊದಲ ಸಾಲಿನಲ್ಲೇ ತಪ್ಪು ಹುಡುಕಿದ್ದ. ‘ದೇವಿ, ಅಖಿಲೀಸನ ಕೋಪವನ್ನು ಹಾಡು’ ಎಂದು ಹೋಮರ್ ಶುರು ಮಾಡುತ್ತಾನೆ. ಪ್ರಾರ್ಥನೆ ಮಾಡಲು ಹೋಗಿ ದೇವಿಗೇ ಆಜ್ಞೆ ಮಾಡಿಬಿಟ್ಟನಲ್ಲ ಎಂದು ಪ್ರೊಟಾಗೊರಸ್‌ನ ಕೊಂಕು. ಕೇಳಲು ಕಿತಾಪತಿಯ ಹಾಗಿದೆ, ಆದರೆ ಪ್ರಶ್ನೆ ಗಟ್ಟಿ. ‘ಹಾಡು’ ಎಂಬ ಮಾತು ನಿಜವೋ ಸುಳ್ಳೋ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಅದು ಏನು ಮಾಡುತ್ತಿದೆ ಎಂದು ಕೇಳಬೇಕು. ಬೇಡುತ್ತಿದೆಯೋ, ಅಪ್ಪಣೆ ಮಾಡುತ್ತಿದೆಯೋ, ಕರೆಯುತ್ತಿದೆಯೋ?

ಅರಿಸ್ಟಾಟಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ತರ್ಕದ ಮೇಲಿನ ತನ್ನ ಸಣ್ಣ ಪುಸ್ತಕದಲ್ಲಿ, ಅರ್ಥವಿರುವ ಎಲ್ಲ ಮಾತೂ ನಿಜ ಸುಳ್ಳಿನ ಹೇಳಿಕೆಯಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತಾನೆ. ಅಲ್ಲಿ ಕೊಡುವ ಉದಾಹರಣೆ ಒಂದೇ: ಪ್ರಾರ್ಥನೆ. ಅದೂ ಮಾತೇ, ಆದರೆ ನಿಜವೂ ಅಲ್ಲ, ಸುಳ್ಳೂ ಅಲ್ಲ. ಇಂಥವುಗಳ ವಿಚಾರ ಭಾಷಣಕಲೆಗೋ ಕಾವ್ಯಶಾಸ್ತ್ರಕ್ಕೋ ಸೇರಿದ್ದು ಎಂದು ಪಕ್ಕಕ್ಕೆ ಇಡುತ್ತಾನೆ. ಸರಿ ಎಂದು ‘ಪೊಯೆಟಿಕ್ಸ್’ ತೆರೆದರೆ, ಪ್ರೊಟಾಗೊರಸ್‌ನ ದೂರು ಬಂದ ಜಾಗದಲ್ಲಿ ಏನಿದೆ? ಆಜ್ಞೆ ಯಾವುದು, ಪ್ರಾರ್ಥನೆ ಯಾವುದು ಎಂಬುದು ಕಾವ್ಯಶಾಸ್ತ್ರದ ವಿಷಯವಲ್ಲ, ಮಾತನ್ನು ಆಡಿ ತೋರಿಸುವವರ ಕಲೆಗೆ ಸೇರಿದ್ದು ಎಂದು ಮುಂದಕ್ಕೆ ದೂಡುತ್ತಾನೆ! ಸರ್ಕಾರಿ ಕಚೇರಿಯ ಫೈಲಿನ ಹಾಗೆ ಪ್ರಾರ್ಥನೆ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಯಿತು, ಸಹಿ ಯಾರೂ ಹಾಕಲಿಲ್ಲ.

ನನ್ನ ಅಭಿಪ್ರಾಯದಲ್ಲಿ 20ನೇ ಶತಮಾನದ ಜಗಳದ ದೊಡ್ಡ ಭಾಗ ಈ ಸಹಿಯಾಗದ ಫೈಲಿನದ್ದು. 1936ರಲ್ಲಿ ಎ. ಜೆ. ಏಯರ್ ಎಂಬ ಯುವ ಇಂಗ್ಲಿಷ್ ತತ್ವಜ್ಞಾನಿ, ಅನುಭವದಿಂದ ಪರೀಕ್ಷೆ ಮಾಡಲಾಗದ ‘ದೇವರಿದ್ದಾನೆ’ ಎಂಬ ವಾಕ್ಯ ಸುಳ್ಳೂ ಅಲ್ಲ, ಅದಕ್ಕೆ ಅರ್ಥವೇ ಇಲ್ಲ ಎಂದ. ಹಾಗಾದರೆ ‘ದೇವರಿಲ್ಲ’ ಎನ್ನುವುದೂ ಅರ್ಥಹೀನವೇ, ಅಲ್ವಾ? ಹೌದು ಎಂದ. 1950ರಲ್ಲಿ ಆಂಟನಿ ಫ್ಲೂ ಒಂದು ಕಥೆ ಬಳಸಿದ. ಕಾಡಿನ ನಡುವೆ ಹೂ ಬಿಟ್ಟ ಜಾಗ ನೋಡಿ ಒಬ್ಬ, ಇಲ್ಲಿ ಮಾಲಿ ಇದ್ದಾನೆ ಎನ್ನುತ್ತಾನೆ. ಕಾದು ನೋಡಿದರೆ ಯಾರೂ ಬರುವುದಿಲ್ಲ. ಕರೆಂಟ್ ಬೇಲಿ ಹಾಕುತ್ತಾರೆ, ನಾಯಿ ಬಿಡುತ್ತಾರೆ, ಆದರೂ ಯಾರೂ ಇಲ್ಲ. ಮಾಲಿ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಸಿಗುವುದಿಲ್ಲ, ವಾಸನೆಯಿಲ್ಲ, ಸದ್ದಿಲ್ಲ ಎಂದು ನಂಬುವವನು ಒಂದೊಂದೇ ಷರತ್ತು ಸೇರಿಸುತ್ತಾ ಹೋಗುತ್ತಾನೆ. ಕೊನೆಗೆ ಇಂಥ ಮಾಲಿಗೂ ಮಾಲಿಯೇ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂದು ಇನ್ನೊಬ್ಬ ಕೇಳುತ್ತಾನೆ.

ಇದಕ್ಕೆ ಬಂದ ಒಂದು ಉತ್ತರವೇ ನೀವು ಕೇಳಿದ ‘ಕಾವ್ಯದ ಹಾಗೆ’. 1955ರಲ್ಲಿ ಕೇಂಬ್ರಿಜ್‌ನ ಆರ್. ಬಿ. ಬ್ರೇತ್‌ವೇಟ್ ಇದನ್ನು ಅಚ್ಚುಕಟ್ಟಾಗಿ ಹೇಳಿದ. ಧರ್ಮದ ಮಾತು ಎಂದರೆ ಹೀಗೆ ಬದುಕುತ್ತೇನೆ ಎಂಬ ಸಂಕಲ್ಪ, ಜೊತೆಗೆ ಅದಕ್ಕೆ ಬಲ ಕೊಡುವ ಕಥೆಗಳು. ಕಥೆ ನಿಜವಾಗಿ ನಡೆದದ್ದೆಂದು ನಂಬಬೇಕಾಗಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಚೆನ್ನಾಗಿದೆ, ಆದರೆ ನನಗೆ ಸಾಕಾಗುವುದಿಲ್ಲ. ಯೂಥಿಫ್ರೋ ಇದನ್ನು ಒಪ್ಪುತ್ತಿದ್ದನಾ? ಹರಕೆ ಹೊತ್ತವರು ಒಪ್ಪುತ್ತಾರಾ? ‘ದೇವಿ, ಹಾಡು’ ಎಂಬ ವಾಕ್ಯ ನಿಜವೂ ಅಲ್ಲ ಸುಳ್ಳೂ ಅಲ್ಲ, ನಿಜ. ಆದರೆ ಕೇಳಿಸಿಕೊಳ್ಳುವ ದೇವಿ ಇದ್ದಾಳೆ ಎಂದುಕೊಂಡವನ ಬಾಯಲ್ಲಿ ಮಾತ್ರ ಅದು ಪ್ರಾರ್ಥನೆ. ಅದೇ 1955ರಲ್ಲಿ ಹಾರ್ವರ್ಡ್‌ನಲ್ಲಿ ಜೆ. ಎಲ್. ಆಸ್ಟಿನ್, ಮಾತಿನಿಂದ ನಾವು ಏನೇನು ಮಾಡುತ್ತೇವೆ ಎಂದು ಉಪನ್ಯಾಸ ಕೊಡುತ್ತಿದ್ದ: ಮಾತು ಕೊಡುವುದು, ಪಂದ್ಯ ಕಟ್ಟುವುದು, ಹಡಗಿಗೆ ಹೆಸರಿಡುವುದು. ಇವು ನಿಜ ಸುಳ್ಳಿನ ಹೇಳಿಕೆಗಳಲ್ಲ. ಆದರೆ ಸುತ್ತಮುತ್ತಲಿನ ಸಂಗತಿ ಸರಿಯಿಲ್ಲದಿದ್ದರೆ ಇವು ಕೆಡುತ್ತವೆ ಎಂದು ಅವನು ತೋರಿಸಿದ. ಪ್ರಾರ್ಥನೆಗೂ ಇದೇ ಸರಿಯಾದ ಬೆಳಕು ಎಂದು ನನಗೆ ಅನ್ನಿಸುತ್ತದೆ.

ಹೇಳಿಕೆಯ ರೂಪದಲ್ಲೇ ಇರುವ ಮಾತುಗಳ ಗತಿ? ‘ದೇವರು ತಂದೆ’, ‘ದೇವರು ಬೆಳಕು’, ಇಂಥವು. ಇದಕ್ಕೂ ‘ಪೊಯೆಟಿಕ್ಸ್’ನಲ್ಲಿ ಒಂದು ಸುಳಿವು ಇದೆ, 21ನೇ ಅಧ್ಯಾಯದಲ್ಲಿ. ಕಾಳು ಚೆಲ್ಲುವುದಕ್ಕೆ ಬಿತ್ತುವುದು ಎಂಬ ಹೆಸರಿದೆ. ಸೂರ್ಯ ಬೆಳಕು ಚೆಲ್ಲುವುದಕ್ಕೆ ಹೆಸರೇ ಇಲ್ಲ. ಅದಕ್ಕೇ ಒಬ್ಬ ಕವಿ ‘ದೇವರು ಮಾಡಿದ ಉರಿಯನ್ನು ಬಿತ್ತುತ್ತಾ’ ಎಂದ. ಇಲ್ಲಿ ರೂಪಕ ಅಲಂಕಾರಕ್ಕೆ ಬಂದದ್ದಲ್ಲ. ನೇರವಾದ ಮಾತು ಇದ್ದೂ ಸೊಗಸಿಗಾಗಿ ಬೇರೆ ಮಾತು ಬಳಸಿದ್ದಲ್ಲ. ನೇರ ಮಾತೇ ಇಲ್ಲದ ಕಡೆ ರೂಪಕ ಕೆಲಸ ಮಾಡುತ್ತಿದೆ, ಮತ್ತು ಸೂರ್ಯ ನಿಜವಾಗಿಯೂ ಏನೋ ಮಾಡುತ್ತಿದ್ದಾನೆ. ‘ರೂಪಕ ಅಷ್ಟೇ’ ಎಂದು ತಳ್ಳಿಹಾಕುವವರು ಈ ಸಾಲನ್ನು ನೋಡಬೇಕು.

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ಎದುರಿಗೇ ಇಟ್ಟುಕೊಳ್ಳುತ್ತಾನೆ. ರೂಪಕ ಬಳಸುವುದು ಕಾವ್ಯದ ಕೆಲಸ, ಕಾವ್ಯ ವಿದ್ಯೆಗಳಲ್ಲೆಲ್ಲ ಕೆಳಗಿನದು. ಹಾಗಿದ್ದರೆ ಧರ್ಮಗ್ರಂಥ ಯಾಕೆ ರೂಪಕ ಬಳಸಬೇಕು? ಅವನ ಉತ್ತರ: ಕವಿ ಬಳಸುವುದು ಸಂತೋಷಕ್ಕೆ, ಗ್ರಂಥ ಬಳಸುವುದು ಅಗತ್ಯಕ್ಕೆ. ಮನುಷ್ಯನ ಬುದ್ಧಿ ಕಣ್ಣಿಗೆ ಕಾಣುವ ವಸ್ತುವಿನ ಮೂಲಕವೇ ಹೋಗಬೇಕು. ದೇವರಿಗೆ ತೀರಾ ಘನವಾದ ಉಪಮೆಗಿಂತ ಸಾಧಾರಣ ವಸ್ತುವಿನ ಉಪಮೆಯೇ ವಾಸಿ ಎಂದೂ ಸೇರಿಸುತ್ತಾನೆ, ಯಾಕೆಂದರೆ ಅದನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. ಅವನು ತೀರಿಕೊಂಡಿದ್ದು 1274ರಲ್ಲಿ. ‘ಪೊಯೆಟಿಕ್ಸ್’ ಗ್ರೀಕಿನಿಂದ ನೇರವಾಗಿ ಲ್ಯಾಟಿನ್‌ಗೆ ಬಂದದ್ದು ಅದಾದ ಮೇಲೆ, 1278ರಲ್ಲಿ. ಅಗತ್ಯಕ್ಕೆ ಬರುವ ರೂಪಕದ ಆ ಬಿತ್ತನೆಯ ಸಾಲನ್ನು ಈ ಅನುವಾದದಲ್ಲಿ ಓದುವ ಅವಕಾಶ ಅವನಿಗೆ ಸಿಗಲಿಲ್ಲ.

ಓದಲು ಶುರು ಮಾಡುವುದಾದರೆ ‘ರಿಪಬ್ಲಿಕ್’ನ ಹತ್ತನೇ ಪುಸ್ತಕಕ್ಕೆ ಮೊದಲೇ ಕೈ ಹಾಕಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡಿ, ಮಂಚ ಮತ್ತು ಮಂಚದ ಚಿತ್ರದ ಚರ್ಚೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ‘ಅಯಾನ್’ ಮೊದಲು, ಒಂದೇ ಕೂತಲ್ಲಿ ಮುಗಿಯುತ್ತದೆ, ನಗೆಯೂ ಬರುತ್ತದೆ. ಆಮೇಲೆ ‘ಯೂಥಿಫ್ರೋ’, ಆಮೇಲೆ ಎರಡನೇ ಪುಸ್ತಕದ ಕೊನೆ. ‘ಪೊಯೆಟಿಕ್ಸ್’ನಲ್ಲಿ ಸದ್ಯಕ್ಕೆ 19, 21 ಮತ್ತು 25ನೇ ಅಧ್ಯಾಯ ಸಾಕು. ಏಯರ್, ಫ್ಲೂ ಇವರನ್ನು ಅದಾದ ಮೇಲೆ ಓದಿ.